ಆ ಹುಡುಗಿಯ ಸಮಾಧಿ ಎಲ್ಲಿದೆ? ಎಲ್ಲೂ ಇಲ್ಲ

ಪ್ರಶ್ನೆ: ಸರ್, ‘ಬ್ರೋಕನ್ ಆ್ಯರೋ’ ಅನ್ನುವ ಹಳೆಯ ಹಾಲಿವುಡ್ ಸಿನಿಮಾ ನೋಡಿದೆ. ಜೆಫರ್ಡ್ಸ್ ಮದುವೆಯಾದ ಅಪಾಚೆ ಹುಡುಗಿಯ ಸಮಾಧಿ ಅರಿಜೋನಾದಲ್ಲಿ ಈಗಲೂ ಇದೆಯಾ? ನಿಜವಾಗಿ ನಡೆದ ಕಥೆ ಅಂತ ಸಿನಿಮಾದಲ್ಲೇ ಹೇಳುತ್ತಾರಲ್ಲ?

ಉತ್ತರ: ಇಲ್ಲ. ಸಮಾಧಿ ಇಲ್ಲ, ಮದುವೆ ಇಲ್ಲ, ಆ ಹುಡುಗಿಯೇ ಇರಲಿಲ್ಲ. ಎಷ್ಟನೇ ಸಲ ಬರೆಯುತ್ತಿದ್ದೇನೋ, ಎಣಿಸೋದು ಬಿಟ್ಟಿದ್ದೇನೆ.

ಟಾಮ್ ಜೆಫರ್ಡ್ಸ್ ಅನ್ನುವ ಬಿಳಿಯ ನಿಜ. ಅಮೆರಿಕದ ಮೂಲನಿವಾಸಿಗಳಾದ ಅಪಾಚೆಗಳ ನಾಯಕ ಕೊಚೀಸ್ ನಿಜ. ಅವರಿಬ್ಬರ ಸ್ನೇಹವೂ ನಿಜ. ಆದರೆ ಸೊನ್ಸೀಆರೆ ಅನ್ನುವ ಹುಡುಗಿ ಬಂದದ್ದು 1947ರ ಒಂದು ಕಾದಂಬರಿಯಿಂದ, ಎಲಿಯಟ್ ಅರ್ನಾಲ್ಡ್ ಬರೆದದ್ದು. ಅಲ್ಲಿಂದ 1950ರಲ್ಲಿ ಸಿನಿಮಾಕ್ಕೆ ಬಂದಳು, ಸಿನಿಮಾದಿಂದ ಜನರ ತಲೆಯೊಳಗೆ ಹೋಗಿ ಕೂತಳು. ಈಗ ಎಬ್ಬಿಸೋಕೆ ಆಗ್ತಿಲ್ಲ.

“ಗುಟ್ಟಾಗಿ ಮದುವೆಯಾಗಿರಬಹುದಲ್ವಾ?” ಅಂತ ಕೇಳುವವರೂ ಇದ್ದಾರೆ. ಸರಿ, ನೋಡೋಣ. 1872ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೈನ್ಯದ ಜನರಲ್ ಹೋವರ್ಡ್ ಶಾಂತಿಯ ಮಾತಿಗಾಗಿ ಅರಿಜೋನಾದ ಡ್ರಗೂನ್ ಬೆಟ್ಟಗಳಲ್ಲಿದ್ದ ಕೊಚೀಸನ ಬಿಡಾರಕ್ಕೆ ಹೋದಾಗ ಜೊತೆಗೆ ಸ್ಲೇಡನ್ ಅನ್ನುವ ಲೆಫ್ಟಿನೆಂಟ್ ಇದ್ದ. ದೂರ ದೂರ ಹರಡಿದ್ದ ಕೊಚೀಸನ ನಾಯಕರು ಬಂದು ಸೇರುವ ತನಕ ಅವರು ಹತ್ತು ದಿನದಷ್ಟು ಕಾಯಬೇಕಾಯಿತು. ಆ ದಿನಗಳಲ್ಲಿ ಕಂಡದ್ದನ್ನೆಲ್ಲ ಸ್ಲೇಡನ್ ಬರೆದಿಟ್ಟಿದ್ದಾನೆ. ಕೊಚೀಸನ ಮನೆಯವರ ಬಗ್ಗೆಯೂ ಬರೆದಿದ್ದಾನೆ. ದಾರಿ ತೋರಿಸಿಕೊಂಡು ಹೋದವನೇ ಜೆಫರ್ಡ್ಸ್, ಆದರೂ ಅವನ ಹೆಂಡತಿಯ ಸುದ್ದಿ ಅಲ್ಲಿ ಒಂದು ಸಾಲೂ ಇಲ್ಲ. ಮುಂದೆ ಜೆಫರ್ಡ್ಸ್ 1914ರ ತನಕ ಬದುಕಿದ, ಕೊನೆಗಾಲವನ್ನು ಟೂಸಾನ್ ಊರಿನ ಉತ್ತರಕ್ಕಿರುವ ಮರಳುಗಾಡಿನಲ್ಲಿ ಒಂಟಿಯಾಗಿ ಕಳೆದ.

ಇನ್ನೊಂದು ಮಾತು, ಸುಮ್ನೆ ಹೇಳ್ತೀನಿ. ಅಪಾಚೆಗಳು ಜೆಫರ್ಡ್ಸ್‌ನನ್ನು ಕರೆಯುತ್ತಿದ್ದದ್ದು ‘ಟಾಗ್ಲಿಟೊ’ ಅಂತ, ಅಂದರೆ ಕೆಂಪು ಗಡ್ಡದವನು. ಸಿನಿಮಾದಲ್ಲಿ ಜೆಫರ್ಡ್ಸ್ ಆದ ಜೇಮ್ಸ್ ಸ್ಟುವರ್ಟ್ ಮುಖದಲ್ಲಿ ಗಡ್ಡ ಎಲ್ಲಿದೆ? ಚಿತ್ರೀಕರಣ ನಡೆದ 1949ರಲ್ಲಿ ಅವರಿಗೆ 41, ಹುಡುಗಿಯಾದ ಡೆಬ್ರಾ ಪ್ಯಾಜೆಟ್‌ಗೆ ಹೆಚ್ಚೆಂದರೆ 16. ಇದನ್ನು ಮಾತ್ರ ಯಾರೂ ಪ್ರಶ್ನೆ ಕೇಳಿ ಬರೆಯಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಇಷ್ಟು ಸಿಟ್ಟು ಅಂತೀರಾ? ಸೊನ್ಸೀಆರೆ ಸತ್ತದ್ದರಿಂದಲೇ ಶಾಂತಿ ಗಟ್ಟಿಯಾಯಿತು ಅನ್ನುವ ಹಾಗೆ ಸಿನಿಮಾ ಮುಗಿಯುತ್ತದೆ, ಅದಕ್ಕೆ. ನಿಜವಾದ ಶಾಂತಿಗೆ ಅಂಥ ಸಾವು ಬೇಕಿರಲಿಲ್ಲ. ಕೊಚೀಸನಿಗೂ ಅಮೆರಿಕದ ಸೈನ್ಯಕ್ಕೂ ಜಗಳ ಜೋರಾದದ್ದು 1861ರಲ್ಲಿ. ಒಬ್ಬ ಹುಡುಗನ ಅಪಹರಣದ ಆರೋಪ ಹೊರಿಸಿ, ಮಾತಿಗೆ ಕರೆದು, ಬ್ಯಾಸ್ಕಮ್ ಅನ್ನುವ ಲೆಫ್ಟಿನೆಂಟ್ ಕೊಚೀಸನನ್ನು ಹಿಡಿಯಲು ನೋಡಿದ. ಅವನು ಡೇರೆ ಸೀಳಿಕೊಂಡು ತಪ್ಪಿಸಿಕೊಂಡ. ಅವನ ತಮ್ಮನನ್ನೂ ಇನ್ನು ಕೆಲವರನ್ನೂ ಗಲ್ಲಿಗೇರಿಸಿದರು. ಅಲ್ಲಿಂದ ಹನ್ನೊಂದು ವರ್ಷ ರಕ್ತ ಹರಿಯಿತು. ಅಷ್ಟಾದ ಮೇಲೆ ಕೊಚೀಸ್ ಇಟ್ಟ ಷರತ್ತು ನೋಡಿ: ನಮ್ಮ ನೆಲದಲ್ಲೇ ನಮಗೆ ಜಾಗ ಬೇಕು, ಸರ್ಕಾರದ ಪರವಾಗಿ ಅದನ್ನು ನೋಡಿಕೊಳ್ಳುವ ಏಜೆಂಟ್ ಆಗಿ ಜೆಫರ್ಡ್ಸ್ ಬೇಕು. ಹೋವರ್ಡ್ ಒಪ್ಪಿದ. ಎಲ್ಲ ಬಾಯಿಮಾತಿನ ಒಪ್ಪಂದ. ಕೊಚೀಸ್ ಇರುವವರೆಗೆ ಅರಿಜೋನಾದ ಮಟ್ಟಿಗೆ ಅದು ನಿಂತಿತು. ಗಡಿಯಾಚೆ ಮೆಕ್ಸಿಕೋದಲ್ಲಿ ಲೂಟಿ ಮಾತ್ರ ನಡೆದೇ ಇತ್ತು.

1874ರ ಜೂನ್‌ನಲ್ಲಿ ಕೊಚೀಸ್ ತೀರಿಕೊಂಡ. ಅವನನ್ನು ಆ ಬೆಟ್ಟಗಳಲ್ಲೇ ಮಣ್ಣು ಮಾಡಿದರು. ಜಾಗ ಗೊತ್ತಿದ್ದ ಬಿಳಿಯ ಜೆಫರ್ಡ್ಸ್ ಒಬ್ಬನೇ, ಅವನು ಸಾಯುವ ತನಕ ಬಾಯಿ ಬಿಡಲಿಲ್ಲ. ಹಾಗಾಗಿ ಸಮಾಧಿ ಹುಡುಕಲೇಬೇಕು ಅಂತಿದ್ದರೆ ಇದನ್ನು ಹುಡುಕಿ, ಸಿಗಲ್ಲ. 1876ರಲ್ಲಿ ಸರ್ಕಾರ ಒಪ್ಪಂದದಲ್ಲಿ ಕೊಟ್ಟಿದ್ದ ಜಾಗವನ್ನೂ ಕಿತ್ತುಕೊಂಡು, ಕೈಗೆ ಸಿಕ್ಕವರನ್ನು ಸ್ಯಾನ್ ಕಾರ್ಲೋಸ್ ಅನ್ನುವ ಇನ್ನೊಂದು ಮೀಸಲು ಜಾಗಕ್ಕೆ ಸಾಗಿಸಿತು. ಸಿನಿಮಾ ಇಷ್ಟು ದೂರ ಬರುವುದಿಲ್ಲ.

ಆದರೂ ನನಗೆ ಈ ಸಿನಿಮಾ ಇಷ್ಟ. ಅಪಾಚೆಗಳನ್ನು ಕುದುರೆ ಮೇಲೆ ಕೂಗಾಡುವ ಗುಂಪಾಗಿ ತೋರಿಸದೆ, ಕೂತು ಮಾತಾಡುವ ಜನರಾಗಿ ತೋರಿಸಿತು. ಆಗಿನ ಹಾಲಿವುಡ್‌ಗೆ ಅದು ಸಣ್ಣ ಮಾತಲ್ಲ. ಕೊಚೀಸ್ ಆದವರು ಬ್ರೂಕ್ಲಿನ್‌ನ ಜೆಫ್ ಚಾಂಡ್ಲರ್, ಅವರಿಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು.

ಇನ್ನು ನೀವು ಕೇಳದೇ ಇದ್ದದ್ದು. ನಡೆದದ್ದನ್ನು ನಡೆದ ಹಾಗೇ ತೋರಿಸುತ್ತೇವೆ, ಅಪಾಚೆಗಳು ನಮ್ಮ ಭಾಷೆ ಆಡುತ್ತಾರೆ ಅನ್ನುವುದೊಂದೇ ಬದಲಾವಣೆ ಅಂತ ಶುರುವಿನಲ್ಲೇ ಹೇಳುತ್ತಾರಲ್ಲ, ನೀವು ನಂಬಿದ್ದು ಅದನ್ನೇ. ಆದರೆ ಅದೇ ಶುರುವಿನಲ್ಲಿ ತೆರೆಯ ಮೇಲೆ ಬರುವ ಚಿತ್ರಕಥೆಗಾರನ ಹೆಸರೇ ಸುಳ್ಳು. ಮೈಕಲ್ ಬ್ಲಾಂಕ್‌ಫೋರ್ಟ್ ಅಂತ ಬರುತ್ತದೆ. ಬರೆದದ್ದು ಆಲ್ಬರ್ಟ್ ಮಾಲ್ಟ್ಜ್. ಆಗ ಅಮೆರಿಕದಲ್ಲಿ ನಡೆದ ಕಮ್ಯುನಿಸ್ಟರ ಬೇಟೆಯಲ್ಲಿ ಸಂಸತ್ ಸಮಿತಿಯ ಮುಂದೆ ಬಾಯಿ ಬಿಡದ ಹತ್ತು ಜನರಲ್ಲಿ ಅವನೂ ಒಬ್ಬ, ಹಾಗಾಗಿ ಅವನ ಹೆಸರು ಹಾಕುವಂತಿರಲಿಲ್ಲ. ಗೆಳೆಯ ಬ್ಲಾಂಕ್‌ಫೋರ್ಟ್ ತನ್ನ ಹೆಸರು ಕೊಟ್ಟ. ಸಿನಿಮಾ ತೆರೆಗೆ ಬಂದ 1950ರಲ್ಲೇ ಮಾಲ್ಟ್ಜ್ ಜೈಲು ಸೇರಿದ. ಚಿತ್ರಕಥೆಗೆ ಬಂದ ಬರಹಗಾರರ ಸಂಘದ ಪ್ರಶಸ್ತಿಯೂ ಗೆಳೆಯನ ಹೆಸರಿಗೇ ಹೋಯಿತು. ಅದನ್ನು ಸರಿಪಡಿಸಿ ಮಾಲ್ಟ್ಜ್ ಹೆಸರು ಸೇರಿಸಿದ್ದು 1990ರ ದಶಕದಲ್ಲಿ. ಮಾಲ್ಟ್ಜ್ 1985ರಲ್ಲೇ ಸತ್ತಿದ್ದ.