ನೂನನ್ ಸಿಂಡ್ರೋಮ್: ಪ್ಲೇಟ್‌ಲೆಟ್ ಸರಿಯಿದ್ದರೂ ರಕ್ತ ತಜ್ಞರು ಯಾಕೆ?

ಪ್ರಶ್ನೆ: ಮಗನಿಗೆ ನೂನನ್ ಸಿಂಡ್ರೋಮ್ ಇದೆ. ಹಲ್ಲು ಕೀಳಿಸಬೇಕು. ಪ್ಲೇಟ್‌ಲೆಟ್ ಎಣಿಕೆ ನಾರ್ಮಲ್ ಬಂದಿದೆ. ಆದರೂ ಮೊದಲು ರಕ್ತ ತಜ್ಞರಿಗೆ ತೋರಿಸಿ ಅಂತಾರೆ. ಸುಮ್ನೆ ಓಡಾಟ ಅಲ್ವಾ?

ಉತ್ತರ: ಸುಮ್ನೆ ಅಲ್ಲ, ತೋರಿಸಿಬಿಡಿ. ನೂನನ್ ಅಂದರೆ ಹುಟ್ಟಿನಿಂದಲೇ ಇರುವ ಜೀನ್ ಸಂಬಂಧದ ತೊಂದರೆ. 1963ರಲ್ಲಿ ಈ ಸಿಂಡ್ರೋಮನ್ನು ವಿವರಿಸಿದ ಜಾಕ್ವೆಲಿನ್ ನೂನನ್ ಮಕ್ಕಳ ಹೃದಯ ತಜ್ಞೆ. ಇವತ್ತಿಗೂ ನೂನನ್ ಅಂದರೆ ಹೃದಯ, ಎತ್ತರ ಇಷ್ಟರ ಕಡೆಗೇ ಜಾಸ್ತಿ ಗಮನ. ರಕ್ತದ ವಿಷಯ ಹಿಂದೆ ಬೀಳುತ್ತದೆ.

ಎಣಿಕೆಯಲ್ಲಿ ಗೊತ್ತಾಗುವುದು ಪ್ಲೇಟ್‌ಲೆಟ್ ಎಷ್ಟಿವೆ ಅನ್ನುವುದಷ್ಟೇ. ಅವು ಗಾಯದ ಜಾಗದಲ್ಲಿ ಸರಿಯಾಗಿ ಅಂಟಿಕೊಳ್ಳುತ್ತವೆಯೇ ಎಂದು ನೋಡಲು ಬೇರೆ ಪರೀಕ್ಷೆ ಬೇಕು. ಇದಲ್ಲದೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳೂ ಕಡಿಮೆ ಇರಬಹುದು. ನೂನನ್‌ನಲ್ಲಿ ಹೆಚ್ಚಾಗಿ ಕಾಣುವುದು ಇಂಥ ಒಂದು ಪ್ರೋಟೀನಾದ ಫ್ಯಾಕ್ಟರ್ 11ರ ಕೊರತೆ.

ಈ ಫ್ಯಾಕ್ಟರ್ 11 ಸ್ವಲ್ಪ ವಿಚಿತ್ರ. ಮಟ್ಟ ಎಷ್ಟಿದೆ ಎಂದು ನೋಡಿ ರಕ್ತ ಎಷ್ಟು ಹೋಗುತ್ತದೆ ಎಂದು ಹೇಳಲಾಗದು. ಒಂದು ಆಪರೇಷನ್ ಸಲೀಸಾಗಿ ಮುಗಿದವರಿಗೆ ಇನ್ನೊಂದರಲ್ಲಿ ತೊಂದರೆ ಆಗಬಹುದು. ಅದರಲ್ಲೂ ಬಾಯಿ, ಮೂಗಿನ ಗಾಯಗಳಲ್ಲಿ ಕಷ್ಟ. ಅಲ್ಲಿ ಕಟ್ಟಿದ ಹೆಪ್ಪು ಬೇಗ ಕರಗುತ್ತದೆ. ಹಲ್ಲು ಕಿತ್ತಾಗ ನಿಂತ ರಕ್ತ ಆಮೇಲೆ ಮತ್ತೆ ಶುರುವಾಗುವುದು ಇದರಿಂದಲೇ. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಬೇಕೋ ಬೇಡವೋ ಎಂಬುದನ್ನು ತಜ್ಞರೇ ಹೇಳಬೇಕು.

ಉಲ್ಟಾ ಕೂಡ ಆಗುತ್ತದೆ. ಇನ್ನೊಂದು ಪ್ರೋಟೀನಾದ ಫ್ಯಾಕ್ಟರ್ 12 ಕಡಿಮೆ ಇದ್ದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಎಪಿಟಿಟಿ ಪರೀಕ್ಷೆಯ ವರದಿ ನೋಡಿ ಗಾಬರಿಯಾಗಬೇಕು, ಹಾಗಿರುತ್ತದೆ. ಆದರೆ ಅದರಿಂದ ರಕ್ತಸ್ರಾವ ಆಗುವುದಿಲ್ಲ!

ಹಾಗಾಗಿ ವರದಿಯಷ್ಟೇ ಮುಖ್ಯ ನೀವು ಕೊಡುವ ವಿವರ. ಮೂಗಿನಿಂದ ರಕ್ತ ಬಂದರೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ? ಕಾರಣವಿಲ್ಲದೆ ಚರ್ಮ ಅಲ್ಲಲ್ಲಿ ನೀಲಿಗಟ್ಟುತ್ತದೆಯೇ? ಮೊಣಕಾಲಿನ ಕೆಳಗಾದರೆ ಆಡುವ ಮಕ್ಕಳಿಗೆಲ್ಲ ಮಾಮೂಲು. ಬೆನ್ನು, ಹೊಟ್ಟೆಯ ಮೇಲಾದರೆ ಹೇಳಲೇಬೇಕು. ನೂನನ್ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಬಂದಿರಬಹುದು, ಅವರಿಗೇ ಗೊತ್ತಿಲ್ಲದೆ. ತಾಯಿಗೆ ಮುಟ್ಟಿನ ಸ್ರಾವ ಜಾಸ್ತಿ ಇದ್ದರೆ ಅದನ್ನೂ ಹೇಳಿ, ಸಂಕೋಚ ಬೇಡ.

ಹಲ್ಲು ನೋವಿಗೆ ನೀವೇ ಆಸ್ಪಿರಿನ್, ಐಬುಪ್ರೊಫೇನ್ ಕೊಡಬೇಡಿ. ಅವು ಪ್ಲೇಟ್‌ಲೆಟ್ ಕೆಲಸವನ್ನು ಇನ್ನಷ್ಟು ತಗ್ಗಿಸುತ್ತವೆ. ಹಲ್ಲು ಕೀಳಿಸಿದ ಮೇಲೆ ರಕ್ತ ಮತ್ತೆ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ.