60, 150, 180: ಯಾವ ಓವನ್ ಗೋಡೆ ಕಡಿಮೆ ಶಾಖ ಸೋರುತ್ತೆ?

ಓದುಗರ ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪೌಡರ್ ಕೋಟಿಂಗ್ (ಲೋಹಕ್ಕೆ ಪುಡಿ ಬಣ್ಣ ಹಾಕಿ ಓವನ್‌ನಲ್ಲಿ ಬೇಯಿಸೋ) ಘಟಕ ಇದೆ. ಓವನ್ ಒಳಗೆ 180 ಡಿಗ್ರಿ ಇಟ್ಟುಕೊಳ್ಳುತ್ತೇವೆ. ಗೋಡೆಯೊಳಗಿನ ರಾಕ್‌ವುಲ್ (ಶಾಖ ತಡೆಯೋ ಕಲ್ಲಿನ ಉಣ್ಣೆ) ಹಳೆಯದಾಗಿ ಕುಸಿದಿದೆ, ಹೊಸದು ಹಾಕಿಸಬೇಕು. ಗೋಡೆಯಿಂದ ಎಷ್ಟು ಶಾಖ ಹೊರಗೆ ಹೋಗುತ್ತೆ ಅಂತ ಮೂವರನ್ನು ಕೇಳಿದೆ. ಒಬ್ಬರು ಗಂಟೆಗೆ ಚದರಡಿಗೆ 60 ಬಿಟಿಯು (ಬ್ರಿಟಿಷ್ ಥರ್ಮಲ್ ಯೂನಿಟ್, ಶಾಖದ ಒಂದು ಅಳತೆ) ಅಂದರು. ಇನ್ನೊಬ್ಬರು ಗಂಟೆಗೆ ಚದರ ಮೀಟರಿಗೆ 150 ಕಿಲೋಕ್ಯಾಲರಿ, ಮೂರನೆಯವರು ಚದರ ಮೀಟರಿಗೆ 180 ವ್ಯಾಟ್ ಅಂದರು. 60 ಅಂದವರದ್ದೇ ಒಳ್ಳೇದಲ್ವಾ? ಕೊಟೇಶನ್‌ಗಳ ಫೋಟೋ ಕಳಿಸಿದ್ದೇನೆ.

ಉತ್ತರ: ಅಲ್ಲ. ಕೊಟೇಶನ್‌ಗಳ ಅಂಕಿಯನ್ನು ಹಾಗೇ ತೆಗೆದುಕೊಂಡರೆ 60ರದ್ದೇ ಎಲ್ಲಕ್ಕಿಂತ ಹೆಚ್ಚು ಸೋರಿಕೆ. ಒಂದು ಗುಂಟೆ ಅಂದರೆ 1089 ಚದರಡಿ ಅನ್ನೋದು ಬೆಂಗಳೂರಿನ ಸುತ್ತ ಸೈಟು ನೋಡಿಕೊಂಡು ಬಂದವರಿಗೆಲ್ಲ ಬಾಯಿಪಾಠ. ಅಲ್ಲಿ ‘1000 ಚದರಡಿ ದೊಡ್ಡದು, 1 ಗುಂಟೆ ಚಿಕ್ಕದು’ ಅಂತ ಯಾರೂ ಮೋಸ ಹೋಗಲ್ಲ. ಬಿಟಿಯು ಕಂಡಾಗ ಮಾತ್ರ ಕಣ್ಣು ಬರೀ ಅಂಕಿಯ ಮೇಲೆ ನಿಂತುಬಿಡುತ್ತೆ.

ಈ ಅಳತೆಗಳನ್ನು ಕನ್ನಡದಲ್ಲಿ ಬಾಯಿಬಿಟ್ಟು ಓದಿ: ‘ಗಂಟೆಗೆ, ಚದರಡಿಗೆ, 60 ಬಿಟಿಯು.’ ಎರಡು ‘ಗೆ’ ಕೇಳಿಸಿತಲ್ಲ? ಒಂದೊಂದು ‘ಗೆ’ಯೂ ಒಂದೊಂದು ಭಾಗಾಕಾರ. ಶಾಖವನ್ನು ಮೊದಲು ಸಮಯದಿಂದ ಭಾಗಿಸಿದ್ದಾರೆ, ಆಮೇಲೆ ಜಾಗದಿಂದ. ‘ಚದರ ಮೀಟರಿಗೆ 180 ವ್ಯಾಟ್’ ಅನ್ನುವಾಗ ಒಂದೇ ‘ಗೆ’ ಕೇಳಿಸುತ್ತೆ, ಇನ್ನೊಂದು ವ್ಯಾಟ್ ಒಳಗೇ ಅಡಗಿ ಕೂತಿದೆ. ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್ ತಾನೇ. ಹಾಗಾಗಿ ಮೂರೂ ಒಂದೇ ಜಾತಿಯ ಅಳತೆಗಳು, ಹೋಲಿಸಬಹುದು.

ಬಿಟಿಯು ಲೆಕ್ಕ ಬಿಡಿಸೋಣ. 1 ಬಿಟಿಯು ಅಂದರೆ ಸುಮಾರು 1055 ಜೂಲ್. ಗಂಟೆಗೆ 3600 ಸೆಕೆಂಡ್. 1055ನ್ನು 3600ರಿಂದ ಭಾಗಿಸಿದರೆ 0.293 ವ್ಯಾಟ್. ಇಷ್ಟು ಹೊರಡೋದು ಒಂದು ಚದರಡಿಯಿಂದ. ಒಂದು ಚದರ ಮೀಟರಿನಲ್ಲಿ ಅಂಥ 10.764 ಚದರಡಿ ಹಿಡಿಸುತ್ತವೆ, ಅಂದರೆ ಅಷ್ಟು ಪಟ್ಟು ಶಾಖ: 3.155 ವ್ಯಾಟ್. ಜನ ಎಡವೋದು ಇಲ್ಲೇ. ‘ಚದರಡಿ ಅಂದರೆ 0.0929 ಚದರ ಮೀಟರ್’ ಅಂತ ನೆನಪಿಟ್ಟುಕೊಂಡು ಅದರಿಂದ ಗುಣಿಸಿಬಿಡುತ್ತಾರೆ. ಜಾಗ ಇರೋದು ‘ಗೆ’ಯ ಜೊತೆ, ಭಾಗಾಕಾರದ ಕೆಳಗೆ; ಅಲ್ಲಿ ಭಾಗಿಸಬೇಕು. ಗುಣಿಸಿದರೆ ನಿಮ್ಮ 60 ಬಿಟಿಯು ಚದರ ಮೀಟರಿಗೆ ಬರೀ 1.6 ವ್ಯಾಟ್ ಆಗಿ ಕೂರುತ್ತೆ. 180 ಡಿಗ್ರಿ ಓವನ್ ಗೋಡೆ ಅಷ್ಟು ತಣ್ಣಗಿದ್ದರೆ ಚಳಿಗಾಲದಲ್ಲಿ ನಿಮ್ಮ ಹುಡುಗರು ಅದಕ್ಕೆ ಬೆನ್ನು ಕೊಟ್ಟು ಟೀ ಕುಡಿಯುತ್ತಿರಲಿಲ್ಲ.

ಕಿಲೋಕ್ಯಾಲರಿ ಸುಲಭ. 4186.8 ಜೂಲ್ ಭಾಗಿಸು 3600, ಅಂದರೆ 1.163. ಜಾಗ ಆಗಲೇ ಚದರ ಮೀಟರಿನಲ್ಲಿದೆ. (ಕೆಲವು ಪುಸ್ತಕಗಳಲ್ಲಿ 4184 ಅಂತ ಇರುತ್ತೆ. ವ್ಯತ್ಯಾಸ ನೂರಕ್ಕೆ ಒಂದಂಶಕ್ಕಿಂತಲೂ ತೀರಾ ಕಡಿಮೆ, ಓವನ್ ಕೆಲಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.)

ಈಗ ಮೂರನ್ನೂ ವ್ಯಾಟಿಗೆ ತಂದರೆ 60 ಬಿಟಿಯು 189 ಆಗುತ್ತೆ, 150 ಕಿಲೋಕ್ಯಾಲರಿ 174 ಆಗುತ್ತೆ, 180 ಹಾಗೇ 180.

ಉತ್ತರ ಸರಿ ಬಂತೋ ಇಲ್ಲವೋ ನೋಡೋಕೆ ನನ್ನ ಹತ್ತಿರ ಒಂದು ಅಂದಾಜಿದೆ: ಟೆರೇಸಿನ ಬಿಸಿಲು. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಮಧ್ಯಾಹ್ನ 12 ಗಂಟೆ 18 ನಿಮಿಷದ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಮೋಡ ಇಲ್ಲದಿದ್ದರೆ ಆಗ ಟೆರೇಸಿನ ಮೇಲೆ ಬೀಳೋದು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಸೋಲಾರ್ ಪ್ಯಾನೆಲ್‌ಗಳಿಗೆ ರೇಟಿಂಗ್ ಕೊಡೋದೂ ಇದೇ 1000ಕ್ಕೆ. ಅದೇ ಬಿಸಿಲು ಬಿಟಿಯು ಲೆಕ್ಕದಲ್ಲಿ 317, ಕಿಲೋಕ್ಯಾಲರಿ ಲೆಕ್ಕದಲ್ಲಿ 860. ನಿಮ್ಮ ಗೋಡೆಯಿಂದ ಹೊರಡೋದು ಆ ಬಿಸಿಲಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ನಂಬಬಹುದಾದ ಅಂಕಿ. ಸೋಲಾರ್ ಮಾರುವವರು ‘ದಿನಕ್ಕೆ ಚದರ ಮೀಟರಿಗೆ 5 ಯೂನಿಟ್’ ಅಂದಾಗ ಗಾಬರಿಯಾಗಬೇಡಿ, 5 ಯೂನಿಟ್ ಅಂದರೆ 5000 ವ್ಯಾಟ್-ಗಂಟೆ, ಅದನ್ನು 24ರಿಂದ ಭಾಗಿಸಿ: ಹಗಲು ರಾತ್ರಿ ಸೇರಿಸಿ ಸರಾಸರಿ 208 ವ್ಯಾಟ್.

‘ಗೆ’ಗಳನ್ನು ಎಣಿಸೋ ಅಭ್ಯಾಸ ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತೆ. ಎಸಿ ಅಂಗಡಿಯಲ್ಲಿ ‘ಒಂದು ಟನ್, 12000 ಬಿಟಿಯು’ ಅನ್ನುತ್ತಾರೆ. ಅಲ್ಲಿ ‘ಗಂಟೆಗೆ’ ನುಂಗಿಹೋಗಿದೆ. ಆ ಒಂದೇ ‘ಗೆ’ ಇರೋದರಿಂದ ಅದು ಬರೀ ಶಾಖದ ವೇಗ, ಸುಮಾರು 3517 ವ್ಯಾಟ್, ಜಾಗದ ಮಾತಿಲ್ಲ. ಮೂರನೇ ‘ಗೆ’ ಬಂದು ‘ಡಿಗ್ರಿಗೆ’ ಅಂತ ಸೇರಿಕೊಂಡರೆ ಅದು ಬೇರೆಯೇ ಅಳತೆ, ಅಲ್ಲಿ 3.155 ನಡೆಯಲ್ಲ. ಬಿಟಿಯು ಜೊತೆ ಬರೋದು ಫ್ಯಾರನ್‌ಹೀಟ್ ಡಿಗ್ರಿ, ಹಾಗಾಗಿ ಇನ್ನೊಂದು 1.8 ಸೇರಿ 5.678 ಆಗುತ್ತೆ.

ಹಾಗಾದರೆ 174 ಅಂದವರಿಗೇ ಕೆಲಸ ಕೊಡೋದಾ? ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಬಿಟಿಯು ಕೊಟೇಶನ್ ಕೆಳಗೆ ಸಣ್ಣ ಅಕ್ಷರದಲ್ಲಿ ‘ಒಳಗೆ 356, ಹೊರಗೆ 86 ಫ್ಯಾರನ್‌ಹೀಟ್’ ಅಂತಿದೆ, ಅಂದರೆ ಒಳಗೆ 180, ಹೊರಗೆ 30 ಸೆಲ್ಸಿಯಸ್. ವ್ಯಾಟ್‌ನವರದ್ದೂ ಅದೇ. ಕಿಲೋಕ್ಯಾಲರಿಯವರು ಮಾತ್ರ ಒಳಗೆ 150, ಹೊರಗೆ 30 ಅಂತ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. ಸೋರಿಕೆ ಹೆಚ್ಚುಕಡಿಮೆ ಒಳಹೊರಗಿನ ಬಿಸಿಯ ಅಂತರದಷ್ಟೇ ಏರುತ್ತೆ. ಅವರ ಅಂತರ 120, ನಿಮ್ಮದು 150. 174ನ್ನು 1.25ರಿಂದ ಗುಣಿಸಿ: 218. ಬಿಸಿ ಏರಿದಷ್ಟೂ ರಾಕ್‌ವುಲ್ ಶಾಖವನ್ನು ಇನ್ನಷ್ಟು ಬಿಟ್ಟುಕೊಡೋದರಿಂದ ನಿಜವಾಗಿ ಅದಕ್ಕಿಂತ ತುಸು ಹೆಚ್ಚೇ ಇರುತ್ತೆ.

ಗೋಡೆ ಒಟ್ಟು 40 ಚದರ ಮೀಟರ್ ಇದ್ದರೆ 180ಕ್ಕೂ 218ಕ್ಕೂ ನಡುವೆ ಒಂದೂವರೆ ಕಿಲೋವ್ಯಾಟ್ ಅಂತರ. ಹತ್ತು ಗಂಟೆ ಓವನ್ ಓಡಿದರೆ ದಿನಕ್ಕೆ 15 ಯೂನಿಟ್. ಎರಡನೆಯವರಿಗೆ ಫೋನ್ ಮಾಡಿ, 180 ಡಿಗ್ರಿಗೇ ಲೆಕ್ಕ ಹಾಕಿಕೊಡಿ ಅಂತ ಕೇಳಿ. ಅಲ್ಲಿವರೆಗೆ ಅಡ್ವಾನ್ಸ್ ಕೊಡಬೇಡಿ.