ಮನೆಯಲ್ಲಿ ಮಾಡಿದ ಸೋಪು ಬೇಗ ಕರಗುವುದು ಯಾಕೆ?

ಪ್ರಶ್ನೆ: ನಿಮ್ಮ ಹತ್ತಿರ ತಗೊಂಡ ಕೊಬ್ಬರಿ ಎಣ್ಣೆ ಸೋಪು ಹದಿನೈದೇ ದಿನಕ್ಕೆ ಮುಗೀತು. ಕೆಮಿಕಲ್ ಇಲ್ಲದ ಸೋಪು ಹೀಗೇ ಕರಗುತ್ತದಂತೆ, ಹೌದಾ?

ಕಾರವಾರದಲ್ಲಿ ಮಳೆ ಹಿಡಿದ ಕೂಡಲೇ ಈ ಪ್ರಶ್ನೆಯೂ ಶುರು. ಸೋಪು ಉಳಿಸುವ ದಾರಿ ಸುಲಭ: ನೀರಲ್ಲಿ ಕೂರಿಸಬೇಡಿ. ಗೆರಟೆಗೆ ನಾಲ್ಕು ತೂತು ಕೊರೆದು ಅದರಲ್ಲಿಡಿ, ಇಲ್ಲವೇ ಹೀರೆಕಾಯಿ ನಾರಿನ ಮೇಲಿಡಿ. ದೊಡ್ಡ ಸೋಪಾದರೆ ಅರ್ಧ ಕತ್ತರಿಸಿ, ಒಂದು ತುಂಡು ಬಚ್ಚಲಿಗೆ, ಇನ್ನೊಂದು ಕಪಾಟಿಗೆ. ಹಂಡೆಯ ಬಿಸಿನೀರು ಚೊಂಬುಗಟ್ಟಲೆ ಅದರ ಮೇಲೇ ಬೀಳದಿದ್ದರೆ ಸಾಕು.

ಇನ್ನು ಆ 'ಕೆಮಿಕಲ್ ಇಲ್ಲದ' ಮಾತು. ಹೇಳಿದ್ದು ಯಾರು? ನಾನಂತೂ ಅಲ್ಲ. ಕಾಸ್ಟಿಕ್ ಸೋಡಾ ಅನ್ನುವ ಕ್ಷಾರ ಇಲ್ಲದೆ ಎಣ್ಣೆ ಗಟ್ಟಿ ಸೋಪಾಗುವುದಿಲ್ಲ. 1 ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ ಬೇಕು. ಎಣ್ಣೆ, ಸೋಡಾ ಎರಡೂ ಸೇರಿ ಸೋಪು, ಗ್ಲಿಸರಿನ್ ಆಗಿಬಿಡುತ್ತವೆ. ಲೆಕ್ಕ ಸರಿ ಇದ್ದರೆ ಸೋಡಾ ಉಳಿಯುವುದಿಲ್ಲ. "ಅಲ್ಲ ಅಕ್ಕ, ವಿಡಿಯೋದಲ್ಲಿ ಸೋಡಾ ಇಲ್ಲದೇ ಮಾಡಿದ್ರಲ್ಲ" ಅನ್ನುತ್ತೀರಿ. ಅವರು ಕರಗಿಸಿ ಅಚ್ಚಿಗೆ ಹೊಯ್ದದ್ದು ತಯಾರಾದ ಸೋಪನ್ನೇ. ಸೋಡಾ ಕೆಲಸ ಫ್ಯಾಕ್ಟರಿಯಲ್ಲಿ ಮೊದಲೇ ಮುಗಿದಿತ್ತು. "ಹಾಗಾದರೆ ಬೂದಿನೀರು?" ಅದರಲ್ಲೂ ಇರುವುದು ಕ್ಷಾರವೇ, ಪೊಟ್ಯಾಸಿಯಂ ಜಾತಿಯದು. ಅದರಿಂದ ಆಗುವುದು ಮುದ್ದೆಯಂಥ ಮೆತ್ತನೆ ಸೋಪು. ಅದು ಇನ್ನೂ ಬೇಗ ಕರಗುತ್ತದೆ!

ಹಾಗಾದರೆ ಕರಗುವುದಕ್ಕೆ ಕಾರಣ ಏನು? ಒಂದು, ಗ್ಲಿಸರಿನ್. ದೊಡ್ಡ ಫ್ಯಾಕ್ಟರಿಗಳಲ್ಲಿ ಸಾಮಾನ್ಯವಾಗಿ ಅದನ್ನು ಬೇರ್ಪಡಿಸಿ ಬೇರೆಯೇ ಮಾರುತ್ತಾರೆ. ನಮ್ಮದರಲ್ಲಿ ಪೂರ್ತಿ ಒಳಗೇ ಉಳಿಯುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಷಾಢದಲ್ಲಿ ಸೋಪಿನ ಮೇಲೆ ಹನಿ ಕೂರುತ್ತದಲ್ವಾ, ಅದು ಇದೇ. ಕೆಟ್ಟಿದೆ ಅಂತ ಬಿಸಾಡಬೇಡಿ.

ಎರಡು, ಒಣಗಿಸುವುದು. ಅಚ್ಚಿನಿಂದ ತೆಗೆದ ಮೇಲೆ ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಇಡಬೇಕು. ಸೋಡಾ ಹೋಗಲಿ ಅಂತಲ್ಲ, ಅದರ ಕೆಲಸ ಮೊದಲ ಒಂದೆರಡು ದಿನದಲ್ಲೇ ಬಹುತೇಕ ಮುಗಿದಿರುತ್ತದೆ. ಹೋಗಬೇಕಾದದ್ದು ನೀರು. ಮಳೆಗಾಲದಲ್ಲಿ ಅದು ಹೋಗುವುದೇ ಇಲ್ಲ, ಹಾಗಾಗಿ ನಾನು ವರ್ಷದ ಸೋಪನ್ನು ಫೆಬ್ರವರಿ, ಮಾರ್ಚ್‌ನಲ್ಲೇ ಮಾಡಿಟ್ಟುಬಿಡುತ್ತೇನೆ. ಕಳೆದ ವರ್ಷ ಅವಸರಕ್ಕೆ ಜುಲೈನಲ್ಲಿ ಒಂದು ಸಲ ಮಾಡಿ ಕೊಟ್ಟೆ. ನಿಮ್ಮ ಹದಿನೈದು ದಿನದ ಸೋಪು ಅದೇ ಆಗಿದ್ದರೆ ತಪ್ಪು ನನ್ನದೇ.

ಮೂರು, ಎಣ್ಣೆ. ಬರೀ ಕೊಬ್ಬರಿ ಎಣ್ಣೆಯ ಸೋಪು ಕೈಗೆ ಕಲ್ಲಿನ ಹಾಗೆ ಸಿಕ್ಕರೂ ನೀರಿಗೆ ಬಿದ್ದರೆ ಚುರುಕು. ಶಿರಸಿ ಕಡೆಯ ಮುರುಗಲ ತುಪ್ಪ (ಕೋಕಂ ಬೀಜದ ಗಟ್ಟಿ ಎಣ್ಣೆ) ಸ್ವಲ್ಪ ಸೇರಿಸಿದರೆ ನಿಧಾನ ಕರಗುತ್ತದೆ. ಹಿಮ್ಮಡಿ ಒಡೆದರೆ ಹಚ್ಚುತ್ತೀರಲ್ಲ, ಅದೇ. ಅದರಲ್ಲಿರುವ ಸ್ಟಿಯರಿಕ್ ಆಮ್ಲದ ಸೋಪು ತಣ್ಣೀರಿಗೆ ಸುಲಭಕ್ಕೆ ಬಗ್ಗುವುದಿಲ್ಲ. ನೊರೆ ಮಾತ್ರ ಕಡಿಮೆ. ಹಾಗಂತ ಕೊಬ್ಬರಿ ಎಣ್ಣೆಯನ್ನು ಪೂರ್ತಿ ಬಿಡಲು ನನಗಂತೂ ಮನಸ್ಸಿಲ್ಲ.

ಯಾಕೆ ಗೊತ್ತಾ? ಮೇ ತಿಂಗಳಲ್ಲಿ ಕಡಲ ಹತ್ತಿರದ ಕೆಲವು ಬಾವಿಗಳ ನೀರು ಉಪ್ಪಾಗುತ್ತದೆ. ಆಗ ಬೇರೆ ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದು ಕಷ್ಟ. ಕೊಬ್ಬರಿ ಎಣ್ಣೆಯದು ಸಮುದ್ರದ ನೀರಿನಲ್ಲೂ ನೊರೆ ಕೊಡುತ್ತದೆ. ಹಡಗಿನವರು ಉಪ್ಪುನೀರಿನ ಸ್ನಾನಕ್ಕೆ ಅಂತಲೇ ಈ ಎಣ್ಣೆಯ ಸೋಪು ಒಯ್ಯುತ್ತಿದ್ದರು. ಬೇಗ ಕರಗುವ ಅದೇ ಗುಣ ಅಲ್ಲಿ ಕೆಲಸಕ್ಕೆ ಬರುವುದು. ನಂಬಿಕೆ ಇಲ್ಲದಿದ್ದರೆ ಮುಂದಿನ ಸಲ ಬೀಚಿಗೆ ಹೋದಾಗ ಒಂದು ಬಾಟಲಿ ಸಮುದ್ರದ ನೀರು ಮನೆಗೆ ತಂದು, ಎರಡು ಜಾತಿಯ ಸೋಪೂ ತಿಕ್ಕಿ ನೋಡಿ.